ಅಕ್ಕನ ಐಸ್ ಡಬ್ಬಿ

ಭಾನುವಾರ ಮಟನ್ ಬೇಗ ಬೇಯಲೆಂದು ಪರಂಗಿಕಾಯಿಯ ಒಂದು ತುಂಡು ತುರಿಯಲು ಕೂತಿದ್ದೆ. ದಟ್ಟಗಳ್ಳಿಯ ನಮ್ಮ ಮನೆಯ ಹಿಂದೆ ಯಾರೂ ನೆಡದೆ ತಾನಾಗಿ ಎದ್ದ ಗಿಡದ ಕಾಯಿ ಅದು. ಚಾಕು ತಾಗಿದ ಕೂಡಲೇ ಸಿಪ್ಪೆಯ ಮೇಲೆ ಬಿಳಿ ಹಾಲು ಉಕ್ಕಿ ಬೆರಳ ಸಂದಿಗೆ ಇಳಿಯಿತು. ಆ ಹಾಲಿಗೊಂದು ವಾಸನೆ ಇದೆ. ಒಂದಿಷ್ಟು ಒಡೆದ ಹಾಲಿನ ಹಾಗೆ, ಒಂದಿಷ್ಟು ರಬ್ಬರಿನ ಹಾಗೆ... ಎಷ್ಟೋ ಜನಕ್ಕೆ ಅದು ಗಮನಕ್ಕೂ ಬರುವುದಿಲ್ಲ. ನನಗೆ ಮಾತ್ರ ಆ ವಾಸನೆ ಬಂತೆಂದರೆ ಕಪ್ಪು ಕಲ್ಲಿನ ಮೇಜೊಂದು ಕಣ್ಣೆದುರು ಬರುತ್ತದೆ. ಅದರ ಮುಂದೆ ಎತ್ತರದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಹೆಂಗಸೊಬ್ಬರು ತುಟಿ ಅಲ್ಲಾಡಿಸುತ್ತಿರುತ್ತಾರೆ.

ಲ್ಯಾಬಿನಲ್ಲಿ ಮ್ಯಾನೇಜರಿನಿಂದ ಹಿಡಿದು ಗಾಜು ತೊಳೆಯುವವರವರೆಗೆ ಎಲ್ಲರಿಗೂ ಅವರು ಅಕ್ಕ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿತ್ತು, ನಿಜ. ಆದರೆ ಆ ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನು ಕೇಳಿಲ್ಲ. ನಾನು ಸೇರುವಾಗಲೇ ಅವರಿಗೆ ಐವತ್ತೇಳು. ಹತ್ತಿ ಸೀರೆ, ಅದರ ಮೇಲೆ ತೋಳು ಮಡಿಸಿದ ಬಿಳಿ ಕೋಟು, ಹಣೆಯಲ್ಲಿ ವಿಭೂತಿಯ ಮೂರು ಗೆರೆ. ಗಾಜಿನ ಕೊಳವೆಗಳನ್ನು ಬೆಚ್ಚಗಿಡುವ ನೀರಿನ ತೊಟ್ಟಿಯ ಹಬೆಗೆ ಆ ಮೂರು ಗೆರೆ ಮಧ್ಯಾಹ್ನದ ಹೊತ್ತಿಗೆ ಒಂದೂವರೆ ಆಗಿರುತ್ತಿತ್ತು. ಮದುವೆಯಾದ ಎರಡೇ ವರ್ಷಕ್ಕೆ ತವರಿಗೆ ವಾಪಸಾದವರು ಎಂದು ಕೇಳಿದ್ದೆ. ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಮ್ಮದು ಊರಾಚೆ ಕಾರ್ಖಾನೆಗಳ ನಡುವೆ ಇದ್ದ ಚಿಕ್ಕ ಖಾಸಗಿ ಲ್ಯಾಬ್. ಪ್ರೋಟೀನ್ ಜೀರ್ಣಿಸುವ ಎಂಜೈಮ್ ಪುಡಿಗಳು ನಮ್ಮಲ್ಲಿಗೆ ಪರೀಕ್ಷೆಗೆ ಬರುತ್ತಿದ್ದವು. ಪರಂಗಿ ಹಾಲಿನಿಂದ ತೆಗೆದದ್ದು, ಅನಾನಸಿನಿಂದ ತೆಗೆದದ್ದು, ಬೂಷ್ಟಿನಿಂದ ತೆಗೆದದ್ದು. ಹೊಟ್ಟೆ ಭಾರಕ್ಕೆ ನುಂಗುವ ಮಾತ್ರೆಗೂ ಅದೇ, ಮಾಂಸ ಮೆತ್ತಗೆ ಮಾಡುವ ಪುಡಿಗೂ ಅದೇ. ಈ ಪುಡಿಗೆ ಎಷ್ಟು ಕಸುವಿದೆ, ಹತ್ತು ನಿಮಿಷದಲ್ಲಿ ಇದು ಎಷ್ಟು ಪ್ರೋಟೀನನ್ನು ಅರಗಿಸುತ್ತದೆ ಎಂದು ಅಳೆದು ಹೇಳುವುದು ನಮ್ಮ ಕೆಲಸ. ಅಕ್ಕ ಹುಟ್ಟಿನಿಂದ ಮೊಟ್ಟೆಯನ್ನೂ ಮುಟ್ಟಿದವರಲ್ಲ. "ನಾನು ತಿನ್ನದ್ದನ್ನ ನೀವೆಲ್ಲ ಮೆತ್ತಗೆ ಬೇಯಿಸ್ಕೊಂಡು ತಿನ್ನಲಿ ಅಂತ ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಿ ನೋಡು," ಎಂದು ನನ್ನನ್ನು ಛೇಡಿಸುತ್ತಿದ್ದರು.

ಅಕ್ಕ ಅದನ್ನು ಅಳೆಯುತ್ತಿದ್ದ ರೀತಿಯನ್ನು ಹೇಳಲೇಬೇಕು. ಹಾಲಿನ ಪ್ರೋಟೀನನ್ನು ಕರಗಿಸಿದ ನೀರು, ಒಂದು ಪುಡಿಗೆ ಎರಡರಂತೆ, ಹತ್ತು ಗಾಜಿನ ಕೊಳವೆಗಳಲ್ಲಿ ಬೆಚ್ಚಗೆ ಕಾಯುತ್ತಿರುತ್ತದೆ. ಮೊದಲನೆಯದಕ್ಕೆ ಎಂಜೈಮ್ ಬಿಡಬೇಕು, ಅರ್ಧ ನಿಮಿಷಕ್ಕೆ ಎರಡನೆಯದಕ್ಕೆ, ಇನ್ನರ್ಧ ನಿಮಿಷಕ್ಕೆ ಮೂರನೆಯದಕ್ಕೆ. ಸರಿಯಾಗಿ ಹತ್ತು ನಿಮಿಷ ಆದಮೇಲೆ ಅದೇ ಕ್ರಮದಲ್ಲಿ, ಅದೇ ಅಂತರದಲ್ಲಿ ಆಮ್ಲ ಬಿಟ್ಟು ಎಂಜೈಮಿನ ಕೆಲಸ ನಿಲ್ಲಿಸಬೇಕು. ಅರಗದೆ ಉಳಿದದ್ದು ಬೆಳ್ಳಗೆ ಹೆಪ್ಪುಗಟ್ಟಿ ತಳ ಸೇರುತ್ತದೆ. ಮೇಲಿನ ತಿಳಿಗೆ ಬಣ್ಣದ ದ್ರಾವಣ ಹಾಕಿದರೆ ನೀಲಿ ಬರುತ್ತದೆ. ನೀಲಿ ಗಾಢವಾದಷ್ಟೂ ಪುಡಿಯ ಕಸುವು ಹೆಚ್ಚು. ಹೇಳಲು ಸುಲಭ, ಆದರೆ ಎಲ್ಲೋ ಐದು ಸೆಕೆಂಡು ಹೆಚ್ಚುಕಡಿಮೆಯಾದರೂ ಲೆಕ್ಕ ಕೆಟ್ಟಿತು ಎಂದೇ ಅರ್ಥ.

ಅಕ್ಕನ ಮೇಜಿನ ಮೇಲೆ ಸ್ಟಾಪ್‌ವಾಚ್ ಇತ್ತು, ಓಡುತ್ತಲೂ ಇತ್ತು. ಅದು ತಪಾಸಣೆಗೆ ಬರುವವರಿಗಾಗಿ. ಅಕ್ಕನಿಗೆ ಅದು ಬೇಕಿರಲಿಲ್ಲ. ಅವರು ಮನಸ್ಸಿನಲ್ಲಿ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದರು. ಹನ್ನೆರಡು ಸಲ ಓಂ ನಮಃ ಶಿವಾಯ ಎಂದರೆ ಅರ್ಧ ನಿಮಿಷ. ಹನ್ನೆರಡಕ್ಕೊಂದು ಕೊಳವೆ. ಆ ಹೊತ್ತಿನಲ್ಲಿ ಮ್ಯಾನೇಜರ್ ಬಂದು ಮಾತಾಡಿಸಿದರೂ ಎಡಗೈ ಎತ್ತಿ ತಡೆಯುತ್ತಿದ್ದರು, ಅಷ್ಟೆ. ಒಂಟಿಕೊಪ್ಪಲಿನ ಮನೆಯಿಂದ ಎಂ.ಎಸ್ಸಿ. ಮೊದಲ ದರ್ಜೆಯ ಕೊಂಬು ಹೊತ್ತುಕೊಂಡು ಬಂದಿದ್ದ ನನಗೆ ಇದು ತಮಾಷೆಯಾಗಿ ಕಂಡಿತು. ಮೊದಲ ವಾರ ಕಂಬದ ಹಿಂದೆ ನಿಂತು ನನ್ನ ಮೊಬೈಲಿನಲ್ಲಿ ಅವರ ಹೊತ್ತು ಅಳೆದೆ. ಮೂರು ದಿನ ಅಳೆದರೂ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಸಿಗಲಿಲ್ಲ. ಅವರಿಗೆ ಅದು ಗೊತ್ತಾಗಿತ್ತು ಎಂದು ಆಮೇಲೆ ತಿಳಿಯಿತು. "ಅಳ್ದಾಯ್ತೇನಮ್ಮ? ಪಾಸಾ ಫೇಲಾ?" ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರೇ ಕೇಳಿದರು. ನನ್ನ ಮುಖ ಕೆಂಪಾಯಿತು. ಅವರು ಮಾತ್ರ ನಗುತ್ತಾ ನನ್ನ ತಟ್ಟೆಗೆ ಅಕ್ಕಿ ರೊಟ್ಟಿ ಮುರಿದು ಹಾಕಿ, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿ ಉದುರಿಸಿದರು.

ಕೈ ನಡುಗದಿರುವುದಕ್ಕೂ ಅವರ ಬಳಿ ಕಾರಣವಿತ್ತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಕಣ್ಣ ಮಟ್ಟಕ್ಕೆ ಹಿಡಿದು ಕೂರುವುದು ಅವರ ಮನೆಯ ಪದ್ಧತಿ. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಒಂದು ದಿನವೂ ತಪ್ಪಿಸಿಲ್ಲವಂತೆ. "ಇಷ್ಟು ವರ್ಷ ಅಂಗೈ ಮೇಲೆ ಲಿಂಗ ಅಲ್ಲಾಡದ ಹಾಗೆ ಹಿಡ್ದಿದೀನಿ, ಒಂದು ಪಿಪೆಟ್ಟು ಅಲ್ಲಾಡುತ್ತಾ?" ಎನ್ನುತ್ತಿದ್ದರು. ಅದರಲ್ಲಿ ಜಂಭವಿರಲಿಲ್ಲ. ಅವರಿಗೆ ಪೂಜೆಯ ಕೈ ಬೇರೆ, ಕೆಲಸದ ಕೈ ಬೇರೆ ಅನ್ನಿಸುತ್ತಲೇ ಇರಲಿಲ್ಲ.

ಇನ್ನು ಆ ಡಬ್ಬಿ. ಅವರ ಹಳೇ ಟಿಫಿನ್ ಕ್ಯಾರಿಯರಿನ ತಳದ ಡಬ್ಬಿ ಅದು, ಸ್ಟೀಲಿನದು, ಮುಚ್ಚಳದ ಅಂಚು ನೆಗ್ಗಿತ್ತು. ಬೆಳಿಗ್ಗೆ ಬಂದವರೇ ಅದರ ತುಂಬ ಐಸ್ ಹಾಕಿ ಮೇಜಿನ ಬಲಗಡೆ ಇಡುತ್ತಿದ್ದರು. ಪುಡಿಯನ್ನು ಒಂದು ಸಲಕ್ಕೆ ಐದೇ ಐದು ಕರಗಿಸಿ, ಆ ಸೀಸೆಗಳನ್ನು ಐಸಿನಲ್ಲಿ ನೆಡುತ್ತಿದ್ದರು. ಐದು ಮುಗಿದ ಮೇಲೆಯೇ ಮತ್ತೈದು. ಎಲ್ಲವನ್ನೂ ಒಟ್ಟಿಗೆ ಕರಗಿಸಿಟ್ಟುಕೊಂಡರೆ ಎಷ್ಟು ಬೇಗ ಮುಗಿಯುತ್ತದಲ್ಲ ಎಂದು ಸೇರಿದ ಮೊದಲ ದಿನ ನಾನು ಕೇಳಿದ್ದೆ.

"ಇದೂ ಒಂದು ಪ್ರೋಟೀನೇ ಕಣಮ್ಮ," ಎಂದಿದ್ದರು ಅಕ್ಕ. "ಕರಗಿಸ್ಬುಟ್ಟು ಬೆಚ್ಚಗೆ ಹಸಿವಲ್ಲಿ ಕೂರಿಸಿದ್ರೆ ಬೇರೆ ಏನೂ ಸಿಗದೆ ತನ್ನನ್ನೇ ತಿನ್ಕೊಳ್ಳುತ್ತೆ. ಉಣ್ಣೋಕೆ ಕರೆಯೋವರೆಗೂ ತಣ್ಣಗೆ ಮಲಗಿಸಿರ್ಬೇಕು."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಇವತ್ತಿಗೂ ನನ್ನ ಬಳಿ ಇದೆ.

ಸಂಜೆ ಹೊತ್ತಿಗೆ ಡಬ್ಬಿಯ ಐಸ್ ಕರಗಿ, ಡಬ್ಬಿ ಮಾತ್ರ ತಣ್ಣಗಿರುತ್ತಿತ್ತು. ಅದನ್ನು ತೊಳೆದು ಒರೆಸಿ ಮತ್ತೊಂದು ಕೆಲಸಕ್ಕೆ ಬಳಸುತ್ತಿದ್ದರು. ಅಕ್ಕ ಇದ್ದದ್ದು ಅಣ್ಣನ ಜೊತೆ, ಅವರ ಅಂಗಡಿ ದೇವರಾಜ ಮೊಹಲ್ಲಾದಲ್ಲಿ. ವಿಭೂತಿ, ಕರ್ಪೂರ, ರುದ್ರಾಕ್ಷಿ, ಶಿವದಾರ ಮಾರುವ ಅಂಗಡಿ, ಹಿಂದುಗಡೆಯೇ ಮನೆ. ಬೆಳಿಗ್ಗೆ ಮಾರ್ಕೆಟ್ಟು ಹಾದು ಬರುವಾಗ ಒಂದು ಮೊಳ ಮಲ್ಲಿಗೆ ಕೊಂಡು ತರುತ್ತಿದ್ದರು. ಲ್ಯಾಬಿನೊಳಗೆ ಹೂ ಮುಡಿಯುವಂತಿಲ್ಲ. ಬಾಳೆಲೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟದ್ದು ಸಂಜೆಗೆ ಬಾಡಿರುತ್ತಿತ್ತು. ಐದು ಗಂಟೆಗೆ ಅದನ್ನು ಆ ತಣ್ಣನೆ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರೆ, ಐದೂವರೆಗೆ ಹೊರಡುವಾಗ ಹೂ ಮತ್ತೆ ಜೀವ ಬಂದಂತಾಗಿರುತ್ತಿತ್ತು. ನನಗೊಂದು ಗೇಣು, ಗಾಜು ತೊಳೆಯುವ ಅಮ್ಮನಿಗೊಂದು ಗೇಣು. ತಮಗೇನೂ ಇಟ್ಟುಕೊಳ್ಳುತ್ತಿರಲಿಲ್ಲ. ಆ ತಣ್ಣನೆ ಮಲ್ಲಿಗೆ ಕತ್ತಿಗೆ ತಾಗಿದ ಕ್ಷಣ ಈಗಲೂ ನೆನಪಿಗೆ ಬರುತ್ತದೆ... ಬಸ್ಸಿನಲ್ಲಿ ಒಂಟಿಕೊಪ್ಪಲು ಬರುವವರೆಗೂ ಅದು ತಂಪಾಗಿಯೇ ಇರುತ್ತಿತ್ತು.

ನಾನು ಸೇರಿ ಎರಡು ವರ್ಷವಾದ ಮೇಲೆ ಯಂತ್ರ ಬಂತು. ಅಷ್ಟರಲ್ಲಿ ಅಕ್ಕನಿಗೆ ನಿವೃತ್ತಿ ವಯಸ್ಸು ದಾಟಿ, ಒಂದು ವರ್ಷದ ಮುಂದುವರಿಕೆಯ ಪತ್ರ ಕೊಟ್ಟಿದ್ದರು. ಯಂತ್ರ ಮೇಜಿನಷ್ಟು ಉದ್ದವಿತ್ತು, ಮುಂದೆ ಗಾಜಿನ ಬಾಗಿಲು, ಒಳಗೆ ಸೂಜಿ ಹಿಡಿದ ಒಂದು ತೋಳು. ಎದುರಿನ ಟ್ರೇಯಲ್ಲಿ ನಲವತ್ತು ಸೀಸೆ ಕೂರಿಸಿ ಗುಂಡಿ ಒತ್ತಿದರೆ ಸಾಕು. ತೋಳು ತಾನೇ ಒಂದೊಂದಾಗಿ ಹೀರಿಕೊಂಡು, ತಾನೇ ಬೆರೆಸಿ, ತಾನೇ ಬೆಳಕು ಹಾಯಿಸಿ ಬಣ್ಣ ಓದಿ, ಅಂಕಿಯನ್ನು ಕಂಪ್ಯೂಟರಿಗೆ ಕಳಿಸುತ್ತಿತ್ತು. ಅಕ್ಕನಿಗೆ ಇಡೀ ದಿನ ಹಿಡಿಯುವ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯುತ್ತಿತ್ತು. ಅದನ್ನು ನಡೆಸುವ ತರಬೇತಿ ಪಡೆದವಳು ನಾನೊಬ್ಬಳೇ. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ ನನಗೆ.

ಮ್ಯಾನೇಜರ್ ಒಂದು ಏರ್ಪಾಡು ಮಾಡಿದರು. ಮೂರು ವಾರ ಅದೇ ಸ್ಯಾಂಪಲ್ಲುಗಳನ್ನು ಯಂತ್ರವೂ ಅಳೆಯಬೇಕು, ಅಕ್ಕನೂ ಅಳೆಯಬೇಕು. ಎರಡರ ಅಂಕಿ ಹೊಂದಿದರೆ, ಯಂತ್ರ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸಲು ಅಕ್ಕನನ್ನು ಇನ್ನೆರಡು ವರ್ಷ ಉಳಿಸಿಕೊಳ್ಳುವುದು. ಹೊಂದದಿದ್ದರೆ ಕೈಯ ಅಳತೆಯನ್ನು ಅಲ್ಲಿಗೇ ನಿಲ್ಲಿಸುವುದು. ಅಕ್ಕನಿಗೆ ಆ ಎರಡು ವರ್ಷ ಬೇಕಿತ್ತು. "ಅಣ್ಣನ ಮನೇಲಿ ನಂಗೆ ಒಂದು ಮೂಲೆ ಇದೆ, ಯಾರೂ ಏನೂ ಅನ್ನಲ್ಲ," ಎಂದು ಒಂದು ದಿನ ಕೈ ತೊಳೆಯುತ್ತಾ ಹೇಳಿದ್ದರು. "ಆದ್ರೆ ಇಲ್ಲಿ ನಂಗೊಂದು ಮೇಜಿದೆ ಕಣೆ." ಅವರು ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಂತ್ರದ ಟ್ರೇಯನ್ನು ತಣ್ಣಗಿಡಲು ಒಂದು ಸ್ವಿಚ್ ಇತ್ತು. ಅದನ್ನು ಹಾಕಿದರೆ ಮಳೆಗಾಲದ ತೇವಕ್ಕೆ ಸೀಸೆಗಳ ಮೈ ಬೆವೆತು, ಬಾರ್‌ಕೋಡ್ ಚೀಟಿ ಒದ್ದೆಯಾಗಿ, ಯಂತ್ರ ಕೀಂ ಕೀಂ ಎಂದು ನಿಂತುಬಿಡುತ್ತಿತ್ತು. ಮೊದಲ ದಿನವೇ ನಾಲ್ಕು ಸಲ ನಿಂತಿತು, ಮ್ಯಾನೇಜರ್ ಎದುರೇ. ನನಗೆ ಅವಮಾನವಾಯಿತು. ಮರುದಿನ ಯಾರಿಗೂ ಹೇಳದೆ ಆ ಸ್ವಿಚ್ಚು ಆರಿಸಿದೆ. ಆಮೇಲೆ ಯಂತ್ರ ಒಂದು ಸಲವೂ ನಿಲ್ಲಲಿಲ್ಲ. ನಲವತ್ತೂ ಪುಡಿಗಳನ್ನು ಒಟ್ಟಿಗೆ ಕರಗಿಸಿ, ಬೆಚ್ಚನೆ ಟ್ರೇಯಲ್ಲಿ ಸಾಲಾಗಿ ಕೂರಿಸಿ, ಗುಂಡಿ ಒತ್ತಿ, ನಾನು ಕಾಫಿಗೆ ಹೋಗುತ್ತಿದ್ದೆ. ಕೆಂಪು ಶಾಯಿಯಲ್ಲಿ ಬರೆದುಕೊಂಡ ಮಾತು ನನ್ನ ತಲೆಗೆ ಬರಲೇ ಇಲ್ಲ. ಅದು ಅಕ್ಕನ ಮೇಜಿಗೆ ಸಂಬಂಧಿಸಿದ ಮಾತು, ಯಂತ್ರಕ್ಕೆ ಅಂಥದ್ದೆಲ್ಲ ಬೇಡ ಎಂದು ನನ್ನೊಳಗೆ ನಾನೇ ತೀರ್ಮಾನಿಸಿಬಿಟ್ಟಿದ್ದೆ ಅನ್ನಿಸುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಬಂದು ನೋಡಿದರೆ, ಯಂತ್ರದ ಟ್ರೇ ಪಕ್ಕದಲ್ಲಿ ನೆಗ್ಗಿದ ಮುಚ್ಚಳದ ಆ ಸ್ಟೀಲ್ ಡಬ್ಬಿ ಇತ್ತು, ಐಸ್ ತುಂಬಿಕೊಂಡು. ಅಕ್ಕ ಆಗಲೇ ತಮ್ಮ ಮೇಜಿನಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಎಣಿಕೆಯ ನಡುವೆ ಅವರನ್ನು ಮಾತಾಡಿಸುವಂತಿರಲಿಲ್ಲ. ಡಬ್ಬಿಯ ಮೈಯಿಂದ ನೀರಿಳಿದು ಯಂತ್ರದ ಕಾಲಿನವರೆಗೆ ಹರಿದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲಕ್ಷಗಟ್ಟಲೆಯ ಯಂತ್ರದ ಪಕ್ಕ ನೀರಿಡುತ್ತಾರಲ್ಲ, ಇವರಿಗೆ ಯಂತ್ರ ಕಂಡರೆ ಹೊಟ್ಟೆಕಿಚ್ಚು ಎಂದುಕೊಂಡೆ. ಐಸನ್ನು ಸಿಂಕಿಗೆ ಸುರಿದು, ಡಬ್ಬಿಯನ್ನು ಅವರ ಮೇಜಿನ ಮೂಲೆಗೆ ಸದ್ದಾಗುವಂತೆ ಇಟ್ಟೆ. ಅವರು ತಲೆ ಎತ್ತಲಿಲ್ಲ, ಎಣಿಕೆ ತಪ್ಪಿಸಲಿಲ್ಲ. ಮರುದಿನ ಡಬ್ಬಿ ಮತ್ತೆ ಅಲ್ಲೇ ಇತ್ತು, ಈ ಸಲ ಅಡಿಗೊಂದು ಮಡಿಸಿದ ಬಟ್ಟೆ ಹಾಸಿತ್ತು. ನಾನು ಮತ್ತೆ ಸುರಿದೆ. ಅದರ ಮರುದಿನವೂ ಹಾಗೇ. ಆಮೇಲೆ ಅವರು ಇಡಲಿಲ್ಲ. ಆದರೆ ಆ ಮೂರು ದಿನವೂ ಸಂಜೆ ನನಗೆ ಮಲ್ಲಿಗೆ ಕೊಡುವುದನ್ನು ಮಾತ್ರ ಮರೆಯಲಿಲ್ಲ. ನಾನೂ ನಾಚಿಕೆಯಿಲ್ಲದೆ ಮುಡಿದುಕೊಂಡೆ.

ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅಕ್ಕ, ಎಂದು ಎಷ್ಟೋ ಸಲ ಅವರ ಮೇಲೆ ಕೋಪ ಮಾಡಿಕೊಂಡಿದ್ದೇನೆ. ಆದರೆ ಒಂದು ಸಲ ಹೇಳಿಕೊಟ್ಟದ್ದನ್ನು ಇನ್ನೊಂದು ಸಲ ಹೇಳುವವರಲ್ಲ ಅವರು. ತೋರಿಸುತ್ತಿದ್ದರು, ಅಷ್ಟೆ. ಮೂರು ಸಲ ತೋರಿಸಿದ್ದರು.

ಮೂರು ವಾರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಎಲ್ಲರೂ ಬೆರಗಾದರು. ಮೊದಲ ಹದಿನೈದು ಇಪ್ಪತ್ತು ಸ್ಯಾಂಪಲ್ಲು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಹೊಂದುತ್ತಿದ್ದವು. ಅಲ್ಲಿಂದ ಮುಂದಕ್ಕೆ ಅಕ್ಕನ ಅಂಕಿ ಹೆಚ್ಚು, ಯಂತ್ರದ್ದು ಕಡಿಮೆ. ಸಂಖ್ಯೆ ಮುಂದೆ ಹೋದಷ್ಟೂ ಅಂತರ ದೊಡ್ಡದಾಗುತ್ತಿತ್ತು. ಇಪ್ಪತ್ತರ ಮೇಲಿನವನ್ನು ಅಕ್ಕ ಮಾಡುತ್ತಿದ್ದದ್ದು ಊಟವಾದ ಮೇಲೆ. ಮ್ಯಾನೇಜರ್ ಒಂದು ನಿಮಿಷ ಯೋಚಿಸಿ, "ವಯಸ್ಸಾಯ್ತಲ್ಲ, ಮಧ್ಯಾಹ್ನದ ಮೇಲೆ ಕೈ ಸೋಲುತ್ತೆ. ಹತ್ತು ನಿಮಿಷ ಹೋಗಿ ಹನ್ನೆರಡಾಗ್ತಿದೆ ಅಷ್ಟೆ," ಎಂದರು. ಯಾರಿಗೂ ಅದು ತಪ್ಪೆನ್ನಿಸಲಿಲ್ಲ. ಕಂಬದ ಹಿಂದೆ ನಿಂತು ಮೂರು ದಿನ ಅವರ ಹೊತ್ತು ಅಳೆದಿದ್ದ ನನಗಾದರೂ ಅನ್ನಿಸಬೇಕಿತ್ತು. ವರದಿ ಬರೆಯುವ ಕೆಲಸ ನನ್ನದು. ಮಧ್ಯಾಹ್ನದ ನಂತರದ ಪರೀಕ್ಷೆಗಳಲ್ಲಿ ವಿಶ್ಲೇಷಕರ ಕೈಯಿಂದಾಗಿ ವ್ಯತ್ಯಾಸ ಕಂಡುಬಂದಿದೆ ಎಂಬ ಅರ್ಥದ ಒಂದು ಸಾಲನ್ನು ಚೆಂದದ ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಸಹಿ ಹಾಕಿದೆ.

ಅಕ್ಕ ಆ ವರದಿಯನ್ನು ಕೇಳಿ ತರಿಸಿಕೊಂಡು ಓದಿದರು. ಪಿ.ಯು.ಸಿ. ಓದಿ ಬಂದವರು, ಇಂಗ್ಲಿಷು ನಿಧಾನ. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಓದಿದರು. ಬೆರಳು ನನ್ನ ಆ ಸಾಲಿನ ಮೇಲೆ ನಿಂತಿತು. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು.

"ನನ್ನ ಕೈ ಸೋಲುತ್ತೇನಮ್ಮ?" ಎಂದು ಕೇಳಿದರು. ಜಗಳದ ದನಿ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು.

"ಹಂಗಲ್ಲ ಅಕ್ಕ, ವರದೀಲಿ ಹಾಗೆ ಬರೆಯೋದು ರೂಢಿ ಅಷ್ಟೆ," ಎಂದೆ ನಾನು.

ಅವರು ಕನ್ನಡಕ ತೆಗೆದು, ಕಾಗದವನ್ನು ಮೊದಲಿದ್ದ ಹಾಗೇ ಮಡಿಸಿ ಕೊಟ್ಟರು. ಆಮೇಲೆ ಎಡ ಅಂಗೈಯನ್ನು ಬಿಡಿಸಿ ಸ್ವಲ್ಪ ಹೊತ್ತು ನೋಡಿಕೊಂಡರು. ತಿಂಗಳ ಕೊನೆಗೆ ಒಂದು ಶಾಲು, ಒಂದು ಗೋಡೆ ಗಡಿಯಾರ, ಗುಂಪು ಫೋಟೋ ಮುಗಿಸಿ ಅವರನ್ನು ಕಳುಹಿಸಿಕೊಟ್ಟೆವು. ಸೆಕೆಂಡು ಎಣಿಸಲು ಗಡಿಯಾರವೇ ಬೇಡದವರಿಗೆ ಗಡಿಯಾರ! ಹೊರಡುವಾಗ ಟಿಫಿನ್ ಕ್ಯಾರಿಯರಿನಲ್ಲಿ ತಳದ ಡಬ್ಬಿ ಇರಲಿಲ್ಲ. ಅದನ್ನು ತೊಳೆದು ಒರೆಸಿ ಮೇಜಿನ ಬಲಗಡೆ ಇಟ್ಟು ಹೋಗಿದ್ದರು.

ಸುಮಾರು ಒಂದು ವರ್ಷದ ಮೇಲೆ ಗಿರಾಕಿಯೊಬ್ಬರಿಂದ ದೂರು ಬಂತು. ನಮ್ಮನ್ನು ಪರೀಕ್ಷಿಸಲೆಂದೇ ಅವರು ಒಂದೇ ಪುಡಿಯನ್ನು ಬೇರೆ ಬೇರೆ ಸಂಖ್ಯೆ ಕೊಟ್ಟು ಎರಡು ಪೊಟ್ಟಣ ಕಳಿಸಿದ್ದರು. ಒಂದು ಮೂರನೆಯ ಸೀಸೆಯಾಗಿತ್ತು, ಇನ್ನೊಂದು ಮೂವತ್ತೆಂಟನೆಯದು. ಎರಡಕ್ಕೂ ನಾವು ಕೊಟ್ಟ ಅಂಕಿ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅವತ್ತು ನಾನು ಒಂದೇ ಪುಡಿಯನ್ನು ಕರಗಿಸಿ ನಲವತ್ತೂ ಸೀಸೆಗೆ ತುಂಬಿ ಯಂತ್ರ ಓಡಿಸಿದೆ. ಪರದೆಯ ಮೇಲೆ ಅಂಕಿಗಳು ಮೆಟ್ಟಿಲಿಳಿದ ಹಾಗೆ ಇಳಿಯುತ್ತಾ ಹೋದವು. ಮೊದಲನೆಯದು ಗಟ್ಟಿಯಾಗಿತ್ತು. ನಲವತ್ತನೆಯದು ಬೆಚ್ಚಗೆ ಕೂತು ಕಾಯುತ್ತಾ, ತಿನ್ನಲು ಬೇರೇನೂ ಇಲ್ಲದೆ, ತನ್ನನ್ನೇ ತಿಂದುಕೊಂಡು ಸೊರಗಿತ್ತು. ಅಕ್ಕನ ಕೈ ಸೋತಿರಲಿಲ್ಲ. ಅವರು ಐದೈದೇ ಕರಗಿಸಿ, ಐಸಿನಲ್ಲಿಟ್ಟು ಅಳೆದಿದ್ದ ಅಂಕಿಯೇ ನಿಜವಾದ ಅಂಕಿಯಾಗಿತ್ತು. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ತಣ್ಣಗಿಡುವ ಸ್ವಿಚ್ಚು ಹಾಕಿದೆ, ಚೀಟಿಗಳಿಗೆ ಮೇಣದ ಲೇಪ ಮಾಡಿದೆ, ಒಂದು ಸಲಕ್ಕೆ ಎಂಟೇ ಸೀಸೆ ಕರಗಿಸುವ ಕ್ರಮ ತಂದೆ. ಇದನ್ನು ಕಾರ್ಯವಿಧಾನದ ಸುಧಾರಣೆ ಎಂದು ಬರೆದುಕೊಟ್ಟೆ. ತಪ್ಪು ಎಂದು ಬರೆಯಲಿಲ್ಲ. ಮ್ಯಾನೇಜರ್ ಬೆನ್ನು ತಟ್ಟಿದರು. ಹಳೆಯ ವರದಿ ಕಪಾಟಿನಲ್ಲಿ ಹಾಗೇ ಉಳಿಯಿತು, ಅದರೊಳಗೆ ಆ ಸಾಲೂ ಉಳಿಯಿತು.

ಅಕ್ಕನಿಗಾದರೂ ಹೇಳಬೇಕೆಂದು ಒಂದು ಶನಿವಾರ ಮಧ್ಯಾಹ್ನ ದೇವರಾಜ ಮೊಹಲ್ಲಾಕ್ಕೆ ಹೋದೆ. ಅಂಗಡಿಯ ಒಳಗೆ ಚಾಪೆ ಹಾಸಿ, ವಿಭೂತಿ ಗಟ್ಟಿಗಳನ್ನು ಕಾಗದದಲ್ಲಿ ಸುತ್ತುತ್ತಾ ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಅಯ್ಯೋ, ಬಂದ್ಬುಟ್ಯಾ! ಬಾ ಬಾ. ಹೆಂಗಿದೆಯೇ ನಿನ್ನ ಮಿಷಿನ್ನು?"

"ಚೆನ್ನಾಗಿದೆ ಅಕ್ಕ."

"ಟ್ರೇ ತಣ್ಣಗಿಡ್ತಿದೀಯಾ?"

"ಇಡ್ತಿದೀನಿ ಅಕ್ಕ," ಎಂದೆ.

"ಯಾವಾಗಿಂದ?"

"ಈಗ... ಸ್ವಲ್ಪ ದಿನದಿಂದ."

ಅಕ್ಕನ ಕೈಯಲ್ಲಿದ್ದ ಗಟ್ಟಿಯನ್ನು ಸುತ್ತುವುದು ನಿಂತಿತು. ಹನ್ನೆರಡು ಸಲ ಎಣಿಸುವಷ್ಟು ಹೊತ್ತು ಸುಮ್ಮನಿದ್ದರು. ಆ ಅರ್ಧ ನಿಮಿಷ ನನ್ನದಾಗಿತ್ತು. ಅಕ್ಕ, ತಪ್ಪು ನನ್ನದು, ನಿಮ್ಮ ಕೈ ಸೋತಿರಲಿಲ್ಲ ಎಂದು ಹೇಳಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ನಾನು ಚಾಪೆಯ ಅಂಚಿನ ದಾರ ಕೀಳುತ್ತಾ ಕೂತಿದ್ದೆ.

"ಸರಿ ಬುಡು," ಎಂದರು ಕೊನೆಗೆ. "ಕಾಫಿ ಕುಡಿ."

ಮುಂದಿನ ಸಲ ಬರುವಾಗ ತಿದ್ದಿದ ಕಾಗದವನ್ನೇ ತರುತ್ತೇನೆ, ಬರೀ ಬಾಯಿಮಾತಿಗಿಂತ ಅದೇ ಸರಿ ಎಂದು ವಾಪಸು ಬರುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮ್ಯಾನೇಜರ್ ಬದಲಾಗಲಿ ಎಂದು ಒಂದು ವರ್ಷ ಕಾದೆ. ಬದಲಾದರು. ಹೊಸಬರಿಗೆ ಹಳೇ ಕಥೆ ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಇನ್ನೊಂದು ವರ್ಷ. ಮದುವೆ, ಮಗು, ದಟ್ಟಗಳ್ಳಿಯ ಮನೆ... ನೆಪಗಳಿಗೇನು ಬರವೇ.

ಅಕ್ಕ ಹೋದ ಸುದ್ದಿಯನ್ನು ತಂದವರು ಗಾಜು ತೊಳೆಯುವ ಅಮ್ಮ. ಬೆಳಿಗ್ಗೆ ಪೂಜೆ ಮುಗಿಸಿ, ಗೋಡೆಗೊರಗಿ ಕೂತವರು ಏಳಲಿಲ್ಲವಂತೆ. ನಾವಿಬ್ಬರೂ ಆಟೋ ಹಿಡಿದು ಓಡಿದೆವು. ಅವರಲ್ಲಿ ಮಲಗಿಸುವುದಿಲ್ಲ, ಕೂರಿಸಿಯೇ ಕಳುಹಿಸಿಕೊಡುವುದು. ಅಂಗಡಿಯ ಮುಂದೆ ಅಕ್ಕನನ್ನು ಕೂರಿಸಿದ್ದರು, ಸ್ಟೂಲಿನ ಮೇಲೆ ಕೂರುತ್ತಿದ್ದ ಹಾಗೆಯೇ ಬೆನ್ನು ನೆಟ್ಟಗೆ. ಹಣೆಯಲ್ಲಿ ವಿಭೂತಿಯ ಮೂರೂ ಗೆರೆ ಅಂದು ಪೂರ್ತಿಯಾಗಿ ಇದ್ದವು. ಎಡ ಅಂಗೈ ಬಿಡಿಸಿ, ಅದರ ಮೇಲೆ ಇಷ್ಟಲಿಂಗ ಇಟ್ಟಿದ್ದರು. ಸುತ್ತ ಜನ ಏನೇನೋ ಹೇಳುತ್ತಿದ್ದರು, ಭಜನೆ ನಡೆದಿತ್ತು. ನನಗೆ ಆ ಅಂಗೈ ಬಿಟ್ಟು ಬೇರೇನೂ ಕಾಣಲಿಲ್ಲ. ಸೋಲುತ್ತದೆ ಎಂದು ನಾನು ಬರೆದ ಕೈ ಅದು. ನಾನು ಜೋರಾಗಿ ಅತ್ತೆ. ಅಕ್ಕನ ಅತ್ತಿಗೆ, ಪಾಪ, ಇವಳಿಗೆ ಇಷ್ಟೊಂದು ಪ್ರೀತಿಯಿತ್ತೇ ಎಂದು ನನ್ನ ತಲೆ ನೇವರಿಸಿದರು. ಅವರ ಕೈಯನ್ನು ಸರಿಸುವ ಧೈರ್ಯವೂ ನನಗಾಗಲಿಲ್ಲ.

ಅದಾದ ಮೇಲೆ ಬರೆದೆ. ನಾಚಿಕೆಗೇಡಿನ ಮಾತು, ಆದರೆ ನಿಜ. ಅಕ್ಕ ಇರುವವರೆಗೆ ಬರೆಯದವಳು, ಹೋಗಿ ತಿಂಗಳಾಗುವುದರೊಳಗೆ ಬರೆದೆ. ಹಳೆಯ ಹೋಲಿಕೆ ವರದಿಯಲ್ಲಿನ ವ್ಯತ್ಯಾಸಕ್ಕೆ ಯಂತ್ರದ ಟ್ರೇಯನ್ನು ತಣ್ಣಗಿಡದೇ ಇದ್ದದ್ದು ಕಾರಣ, ಅದನ್ನು ಆರಿಸಿದವಳು ನಾನು, ಕೈಯಿಂದ ಮಾಡಿದ ಅಳತೆ ಆದ್ಯಂತ ಸರಿಯಾಗಿತ್ತು ಎಂದು. ಹೊಸ ಮ್ಯಾನೇಜರ್ ಓದಿದ ಕೂಡಲೇ ಸಹಿ ಹಾಕಿದರು. ಇಷ್ಟಕ್ಕೇ ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ನನಗೇ ಅಸಹ್ಯವಾಯಿತು. ಈಗ ಅಂಥ ತಿದ್ದುಪಡಿಗಳೆಲ್ಲ ಕಂಪ್ಯೂಟರಿನಲ್ಲಿ. ಗುಣಮಟ್ಟ ನೋಡಿಕೊಳ್ಳುವ ಹುಡುಗಿ ಫಾರಂ ತುಂಬುತ್ತಾ ಕೊನೆಯ ಕಲಮಿನಲ್ಲಿ ನಿಂತಳು.

"ಮೇಡಂ, ಸಂಬಂಧಪಟ್ಟ ವಿಶ್ಲೇಷಕರಿಗೆ ತಿಳಿಸಲಾಗಿದೆ ಅಂತ ಇಲ್ಲಿ ಅವ್ರ ಸಹಿ ಬೇಕಲ್ಲ. ಅದಿಲ್ದೆ ಇದು ಕ್ಲೋಸ್ ಆಗಲ್ಲ. ಅವ್ರೀಗ ಎಲ್ಲಿದಾರೆ?"

ಅವರು ಇಲ್ಲ ಎಂದೆ. ಹಾಗಿದ್ದರೆ ಅನ್ವಯಿಸುವುದಿಲ್ಲ ಎಂದು ಹಾಕಿ ಮುಗಿಸಬಹುದು ಎಂದಳು. ಬೇಡ, ಹಾಗೇ ಬಿಡು ಎಂದೆ.

ಪರಂಗಿ ಹಾಲು ಬೆರಳಿನ ಮೇಲೆ ಒಣಗಿ ಚುರುಗುಟ್ಟತೊಡಗಿದೆ. ಹೆಚ್ಚು ಹೊತ್ತು ಬಿಟ್ಟರೆ ಚರ್ಮವನ್ನೂ ತಿನ್ನುತ್ತದೆ ಅದು. ಎದ್ದು ನಲ್ಲಿಯ ಕೆಳಗೆ ಕೈ ಹಿಡಿದಿದ್ದೇನೆ. ನೆಗ್ಗಿದ ಮುಚ್ಚಳದ ಡಬ್ಬಿ ಈಗ ನನ್ನ ಯಂತ್ರದ ಪಕ್ಕದಲ್ಲಿ ಬಟ್ಟೆಯ ಮೇಲೆ ಕೂತಿರುತ್ತದೆ, ದಿನಾ ಬ್ಯಾಚಿನ ನಡುವೆ ಕಾಯುವ ಸೀಸೆಗಳನ್ನು ಅದರಲ್ಲೇ ನೆಡುತ್ತೇನೆ. ಸಂಜೆ ಅದನ್ನು ತೊಳೆದು ಒರೆಸುತ್ತೇನೆ. ಆದರೆ ಅದರೊಳಗೆ ಹೂ ಇಡಲು ನನಗೆ ಮನಸ್ಸು ಬಂದಿಲ್ಲ. ನಾಳೆ ಸೋಮವಾರ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಎಲ್ಲಕ್ಕಿಂತ ಮೊದಲು ಆ ಫಾರಂ ಬರುತ್ತದೆ, ಕೊನೆಯ ಕಲಮು ಖಾಲಿ, ಪಕ್ಕದಲ್ಲಿ ಕೆಂಪು ಗುರುತು. ನಾನು ಕೆಲಸ ಶುರು ಮಾಡುವ ಮುಂಚೆ ಅದರ ಮುಂದೆ ಅರ್ಧ ನಿಮಿಷ ಕೂರುತ್ತೇನೆ. ಹನ್ನೆರಡರವರೆಗೆ ಎಣಿಸಿಕೊಂಡು, ಅಕ್ಕ, ನಿಮ್ಮ ಕೈ ಸೋತಿರಲಿಲ್ಲ ಎಂದು ಆ ಖಾಲಿ ಜಾಗಕ್ಕೆ ಹೇಳುತ್ತೇನೆ.